ಮೊಬೈಲಿನಲ್ಲಿ ಬರೆದರೂ ಬೆದರಿಕೆ ಅಪರಾಧವೇ

2015ರ ನವೆಂಬರ್ 10ರಂದು ಟಿಪ್ಪು ಜಯಂತಿ ಆಚರಣೆಯ ಸಂಬಂಧ ಮಡಿಕೇರಿಯಲ್ಲಿ ಘರ್ಷಣೆ ನಡೆದು ಜೀವಹಾನಿಯಾದುದನ್ನು ಕೊಡಗಿನ ಜನ ಮರೆತಿಲ್ಲ. ಅದೇ ದಿನ ಬೆಂಗಳೂರಿನಲ್ಲಿ, ವಿಮಾನ ನಿಲ್ದಾಣಕ್ಕೆ ಟಿಪ್ಪುವಿನ ಹೆಸರು ಸೂಕ್ತವಾಗಿತ್ತು ಎಂದಿದ್ದ ಸಾಹಿತಿ ಗಿರೀಶ್ ಕಾರ್ನಾಡರಿಗೆ, ಕಲಬುರ್ಗಿಯವರ ಗತಿಯೇ ಕಾದಿದೆ ಎಂಬರ್ಥದ ಬೆದರಿಕೆ ಬಳಿಕ ಟ್ವಿಟರ್‌ನಲ್ಲಿ ಬಂತು. ಎಂ.ಎಂ. ಕಲಬುರ್ಗಿಯವರನ್ನು ಅದೇ ವರ್ಷ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಗುಂಡಿಕ್ಕಿ ಕೊಲ್ಲಲಾಗಿತ್ತು. ಹೀಗಿರುವಾಗ ಅದನ್ನು ಬರೀ ಮಾತೆಂದು ತಳ್ಳಿಹಾಕಲಾದೀತೇ?

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿದ ಮೇಲೆ ಏನು ಬರೆದರೂ ನಡೆಯುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ, ಹೆದರಿಸುವ ಉದ್ದೇಶದಿಂದ ಕೊಲೆ ಬೆದರಿಕೆ ಹಾಕಿದವರಿಗೆ 7 ವರ್ಷಗಳವರೆಗೆ ಸಜೆ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಹೆಸರು ಮರೆಮಾಚಿದ್ದರೆ ಮತ್ತೆ 2 ವರ್ಷಗಳವರೆಗೆ ಹೆಚ್ಚುವರಿ ಸಜೆ. ಧರ್ಮ, ಜಾತಿಗಳ ನಡುವೆ ದ್ವೇಷ ಬಿತ್ತಿದರೆ 196ನೇ ಕಲಂ ಅನ್ವಯ 3 ವರ್ಷಗಳವರೆಗೆ ಸಜೆ ಇದೆ.

ಬೆದರಿಕೆ ಬಂದವರು ಸಂದೇಶವನ್ನು ಅಳಿಸದೆ, ಸ್ಕ್ರೀನ್‌ಶಾಟ್ ಸಹಿತ ಪೊಲೀಸರಿಗೆ ದೂರು ನೀಡಬೇಕು. ನಮ್ಮ ವಾಳೆಗಳ, ಯುವ ಸಂಘಟನೆಗಳ ವಾಟ್ಸ್‌ಆ್ಯಪ್ ಗ್ರೂಪುಗಳ ಹೊಣೆ ಹೊತ್ತವರಲ್ಲಿ ನಾವು ವಿನಂತಿಸುವುದಿಷ್ಟೆ: ಈ ವಿಷಯವನ್ನು ಮಕ್ಕಳಿಗೆ ಮೊದಲೇ ತಿಳಿಸಿ. ಸಿಟ್ಟಿನಲ್ಲಿ ಬರೆದ ಒಂದು ಸಾಲಿಗಾಗಿ ಯಾವ ತಂದೆತಾಯಿಯೂ ಕೋರ್ಟಿಗೆ ಅಲೆಯುವಂತಾಗದಿರಲಿ.