ಬಾಂಬೆ-1ರಿಂದ ಬಾಂಬೆ-19ಕ್ಕೆ: ಅಜ್ಜ ನಡೆದ ಮುಂಬೈ

ಮನಿ ಆರ್ಡರ್ ಫಾರಂನ ತುದಿಯಲ್ಲಿ ಹರಿದುಕೊಳ್ಳಲು ಬರುವ ಒಂದು ಚೀಟಿ ಇರುತ್ತಿತ್ತು. ಅದಕ್ಕೆ ಕೂಪನ್ ಅನ್ನುತ್ತಿದ್ದರು. ದುಡ್ಡು ಕಳಿಸುವವರು ಅದರಲ್ಲಿ ನಾಲ್ಕು ಸಾಲು ಸುದ್ದಿ ಬರೆಯಬಹುದಿತ್ತು. ಉಡುಪಿ, ಕುಂದಾಪುರದ ಕಡೆಯ ಅದೆಷ್ಟೋ ಮನೆಗಳಿಗೆ ಬೊಂಬಾಯಿಯಿಂದ ಬರುತ್ತಿದ್ದ ಕಾಗದವೆಂದರೆ ಇದೇ. ನಮ್ಮ ಮುತ್ತಜ್ಜಿ ಮಗನ ಕೂಪನ್‌ಗಳನ್ನೆಲ್ಲ ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದಳಂತೆ. ಹಾಗಾಗಿ ಪ್ರತಿಯೊಂದರ ನಡುವೆಯೂ ತುಕ್ಕಿನ ಅಂಚಿರುವ ಒಂದು ತೂತು.

ಹನ್ನೆರಡೋ ಹದಿಮೂರೋ ಪ್ರಾಯಕ್ಕೆ ಹೋಟೆಲ್ ಕೆಲಸಕ್ಕೆಂದು ಊರು ಬಿಟ್ಟ ಅಜ್ಜನ ಬಗ್ಗೆ ಮನೆಯಲ್ಲಿ ಉಳಿದ ದಾಖಲೆ ಅಷ್ಟೇ. ಮುಂಬೈಯಲ್ಲಿ ಅವನ ಹೆಸರಿಗೆ ಜಾಗವಿರಲಿಲ್ಲ, ಅಂಗಡಿಯಿರಲಿಲ್ಲ, ಬಾಡಿಗೆ ಪಾವತಿಯೂ ಇರಲಿಲ್ಲ. ವಿಳಾಸ ಯಾವಾಗಲೂ ಯಾರದೋ ಹೋಟೆಲಿನ ಕೇರಾಫ್. ಆದರೆ ಪ್ರತಿ ವಿಳಾಸದ ಕೊನೆಗೆ ಒಂದು ಅಂಕಿ ಇದೆ: ಬಾಂಬೆ-1, ಆಮೇಲೆ ಬಾಂಬೆ-12, ಕೊನೆಗೆ ಬಾಂಬೆ-19. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ಅಂಚೆಯವರು ಮುಂಬೈಯನ್ನು ವಲಯಗಳಾಗಿ ಹಂಚಿಕೊಂಡು ಒಂದೊಂದಕ್ಕೂ ನಂಬರ್ ಕೊಟ್ಟಿದ್ದರು. ಆ ನಂಬರುಗಳೇ ಇವತ್ತಿನ ಪಿನ್‌ಕೋಡಿನ ಕೊನೆಯಲ್ಲಿ ಉಳಿದುಕೊಂಡಿವೆ. ಫೋರ್ಟ್ 400001, ಪರೇಲ್ 400012, ಮಾಟುಂಗ 400019.

ಈ ಮೂರು ಅಂಕಿಗಳನ್ನು ಹಿಡಿದುಕೊಂಡು ಮುಂಬೈಯಲ್ಲಿ ನಡೆಯಬಹುದು. ನಡೆದೇ ನೋಡಬೇಕು ಕೂಡ. ಹೋಟೆಲ್ ಹುಡುಗರ ಬದುಕು ಕಾಲಳತೆಯದು. ಕೆಲಸದ ಜಾಗ, ರಾತ್ರಿ ಶಾಲೆ, ಊರವರ ರೂಮು, ಅಂಚೆ ಕಚೇರಿ, ಎಲ್ಲವೂ ನಡೆದು ತಲುಪುವ ದೂರದಲ್ಲಿದ್ದರೆ ಮಾತ್ರ ಅವರಿಗೆ ಎಟುಕುತ್ತಿದ್ದವು. ಟ್ಯಾಕ್ಸಿಯಲ್ಲಿ ಕೂತು ಹೋದರೆ ಈ ಲೆಕ್ಕ ಸಿಗುವುದಿಲ್ಲ.

ಹೊರಡುವ ಜಾಗ ಫೋರ್ಟಿನ ಪ್ರಧಾನ ಅಂಚೆ ಕಚೇರಿ, ಜಿಪಿಒ. 1913ರಲ್ಲಿ ಮುಗಿದ ಈ ಕಟ್ಟಡವನ್ನು ರೂಪಿಸಿದವರು ಜಾನ್ ಬೆಗ್. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಳಗುಮ್ಮಟ. ಒಳಗೆ ನಿಂತು ಕತ್ತೆತ್ತಿದರೆ, ಕನ್ನಡ ನಾಡಿನಿಂದ ಬಂದು ಇಲ್ಲಿ ಸರತಿಯಲ್ಲಿ ನಿಂತ ಸಾವಿರಾರು ಹುಡುಗರ ತಲೆಯ ಮೇಲೆ ಊರ ಕಡೆಯದೇ ಒಂದು ನೆರಳಿತ್ತಲ್ಲ ಎಂದು ಎದೆ ತುಂಬಿಬರುತ್ತದೆ. ಕಟ್ಟಡದ ಎದುರು ತಾಡಪಾಲಿನ ಕೆಳಗೆ ಒಂದು ಕಾಲದಲ್ಲಿ ಕಾಗದ ಬರೆದುಕೊಡುವವರು ಸಾಲಾಗಿ ಕೂರುತ್ತಿದ್ದರು. ಅಕ್ಷರ ಬಾರದ ಕೂಲಿಯವರ ಪತ್ರ, ಮನಿ ಆರ್ಡರ್ ಫಾರಂ ಎಲ್ಲ ಅವರ ಕೈಯಲ್ಲೇ ಆಗಬೇಕಿತ್ತು.

ನಮ್ಮ ತಂತಿಯ ಮೊದಲ ಕೂಪನ್‌ಗಳೂ ಅಜ್ಜನ ಅಕ್ಷರದವಲ್ಲ. ದುಂಡಗೆ, ಒಂದೇ ಸಮನೆ, ತಪ್ಪಿಲ್ಲದೆ ಬರೆದ ಯಾರದೋ ಕನ್ನಡ. ‘ಕ್ಷೇಮ, ಹದಿನೈದು ರೂಪಾಯಿ ಕಳಿಸಿದೆ’ ಎನ್ನುವಷ್ಟೇ. ಕೆಲವು ತಿಂಗಳು ಹಾಗೆಯೇ ಸಾಗಿ ಆಮೇಲೆ ಒಂದು ಕೂಪನ್‌ನಲ್ಲಿ ಕೈ ಬದಲಾಗುತ್ತದೆ. ಅಕ್ಷರ ದಪ್ಪ, ಸಾಲು ಬಲಕ್ಕೆ ಹೋದಂತೆ ಕೆಳಗೆ ಜಾರಿದೆ, ‘ಅಮ್ಮ’ ಎಂಬಲ್ಲಿ ಮಕಾರದ ಒತ್ತು ಬಿಟ್ಟುಹೋಗಿ ಆಮೇಲೆ ಸೇರಿಸಿದ ಗುರುತಿದೆ. ವಿಳಾಸ ಆಗಲೂ ಬಾಂಬೆ-1. ಅಂದರೆ ಅಜ್ಜ ಬರೆಯಲು ಕಲಿತದ್ದು ಊರಿನಲ್ಲಲ್ಲ, ಈ ಬೀದಿಗಳಲ್ಲಿ.

ಬೋರಾಬಜಾರ್, ಬಜಾರ್‌ಗೇಟ್, ಮೋದಿ ಸ್ಟ್ರೀಟ್. ಹೆಗಲಿಗೆ ಹೆಗಲು ತಾಗಿಸಿ ನಿಂತ ಹಳೇ ಕಟ್ಟಡಗಳು, ಕೈಹಿಡಿ ಸವೆದ ಮರದ ಮೆಟ್ಟಿಲುಗಳು. ಒಂದೊಂದು ರೂಮಿನಲ್ಲಿ ಒಂದೊಂದು ಊರಿನ ಹತ್ತಿಪ್ಪತ್ತು ಜನ ಪಾಳಿಯ ಮೇಲೆ ಮಲಗುತ್ತಿದ್ದ ಕಾಲವಿತ್ತು. ರೂಮು ಸಿಗದವರಿಗೆ ಹೋಟೆಲಿನ ಟೇಬಲ್ಲೇ ಹಾಸಿಗೆ. ಬೆಳಗಿನ ಜಾವ ಎದ್ದು ಕಪ್ಪು-ಬಸಿ ತೊಳೆದು, ಟೇಬಲ್ ಒರೆಸಿ, ಸಂಜೆ ಒಂದಿಷ್ಟು ಬಿಡುವು ಸಿಕ್ಕರೆ ಕನ್ನಡದ ರಾತ್ರಿ ಶಾಲೆಗೆ ಓಡುತ್ತಿದ್ದರು. ಕರಾವಳಿಯವರು ಇಲ್ಲಿ ಕಟ್ಟಿದ ಹಳೇ ಸಂಸ್ಥೆಗಳಲ್ಲಿ 1902ರ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಒಂದು. ಅದು ನಡೆಸಿದ ರಾತ್ರಿ ಶಾಲೆಯ ಹೆಸರು ಮುಂಬೈ ಕನ್ನಡಿಗರ ಬಾಯಲ್ಲಿ ಇಂದಿಗೂ ಇದೆ. ಕ್ಲೀನರ್ ಆಗಿ ಬಂದು ಗುಮಾಸ್ತರೋ ವಕೀಲರೋ ಹೋಟೆಲ್ ಮಾಲೀಕರೋ ಆದವರ ಹಿಂದೆ ಇಂಥ ಶಾಲೆಗಳ ಬೆಂಚುಗಳಿವೆ. ಮುಂಬೈ ಕನ್ನಡಿಗರು ಕಟ್ಟಿದ್ದರಲ್ಲೆಲ್ಲ ಇದೇ ದೊಡ್ಡದು ಎಂದು ನಾನು ನಂಬಿದ್ದೇನೆ. ಹೋಟೆಲುಗಳ ಖ್ಯಾತಿ ಆಮೇಲಿನದು.

ಫೋರ್ಟ್ ಬಿಟ್ಟು ಮೊಹಮ್ಮದ್ ಅಲಿ ರಸ್ತೆಯ ಫ್ಲೈಓವರಿನ ನೆರಳಲ್ಲಿ ನಡೆದರೆ ಭಾಯ್‌ಖಳ, ಅಲ್ಲಿಂದ ಲಾಲ್‌ಬಾಗ್, ಪರೇಲ್. ಈ ದಾರಿಯಲ್ಲಿ ಒಂದು ಕಾಲಕ್ಕೆ ಜಿಪಿಒ ಪಕ್ಕದ ಬೋರಿಬಂದರಿನಿಂದ ದಾದರ್‌ವರೆಗೆ ಟ್ರಾಮ್ ಓಡುತ್ತಿತ್ತು. ಮುಂಬೈಯ ಕೊನೆಯ ಟ್ರಾಮ್ ಹೊರಟದ್ದೂ ಬೋರಿಬಂದರಿನಿಂದ ದಾದರಿಗೇ, 1964ರ ಮಾರ್ಚ್ 31ರ ರಾತ್ರಿ.

ಬಾಂಬೆ-12 ಎಂದರೆ ಗಿರಣಿಗಳ ಸೀಮೆ, ಗಿರಣಗಾಂವ್. ಪಾಳಿಯ ಭೋಂಗಾ ಕೂಗಿದರೆ ಸಾವಿರಾರು ಜನ ಒಟ್ಟಿಗೆ ರಸ್ತೆಗೆ ಬರುತ್ತಿದ್ದರು. ಅವರಿಗೆ ಚಹಾ, ಪಾವು, ಉಸಳ್ ಒದಗಿಸುವ ಹೋಟೆಲುಗಳಲ್ಲಿ ನಮ್ಮ ಕಡೆಯವರೂ ಇದ್ದರು. ಈ ಕಾಲದ ಕೂಪನ್‌ಗಳಲ್ಲಿ ಅಜ್ಜನ ಬರಹ ಪಳಗಿದೆ, ಕಳಿಸುವ ಮೊತ್ತವೂ ಏರಿದೆ. ಮುಂದೆ 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು, ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಯನ್ನೇ ನಂಬಿದ್ದ ಹೋಟೆಲುಗಳ ಕಥೆಯೂ ಅಲ್ಲಿಗೆ ಮುಗಿಯಿತು. ಇವತ್ತು ಅಲ್ಲಿ ಗಾಜಿನ ಟವರುಗಳು, ನಡುವೆ ಎಲ್ಲೋ ಒಂದು ಹಳೇ ಚಿಮಣಿ. ಅಜ್ಜ ದುಡಿದ ಹೋಟೆಲಿನ ಜಾಗವನ್ನು ಕೇಳಿದರೆ ಗುರುತಿಸುವವರು ಸಿಗಲಿಲ್ಲ. ಭಾರತಮಾತಾ ಚಿತ್ರಮಂದಿರದ ಸುತ್ತಿನ ಚಾಳುಗಳಲ್ಲಿ ಮಾತ್ರ ಹಳಬರು ಇನ್ನೂ ಗಿರಣಿಯ ಹೆಸರಿನಲ್ಲೇ ದಾರಿ ಹೇಳುತ್ತಾರೆ.

ದಾದರ್ ದಾಟಿ ಮಾಟುಂಗಕ್ಕೆ ಕಾಲಿಟ್ಟರೆ ಗಾಳಿಯೇ ಬೇರೆ. ಮಲ್ಲಿಗೆ ಮಾಲೆ, ಬಾಳೆಎಲೆಯ ಕಟ್ಟು, ಹುರಿದ ಕಾಫಿಬೀಜದ ಪರಿಮಳ. 1896ರ ಪ್ಲೇಗ್ ಮುಂಬೈಯ ಇಕ್ಕಟ್ಟಿನ ವಸತಿಗಳನ್ನು ಬಡಿದ ಮೇಲೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದರ ಯೋಜನೆಯಲ್ಲಿ ಬೆಳೆದ ಬಡಾವಣೆ ಇದು. ಅದಕ್ಕೇ ಇಲ್ಲಿ ರಸ್ತೆ ಅಗಲ, ಮರಗಳು ಸಾಲಾಗಿವೆ, ಮನೆಗಳ ನಡುವೆ ಗಾಳಿಗೆ ಜಾಗವಿದೆ. ದಕ್ಷಿಣದಿಂದ ಬಂದ ಗುಮಾಸ್ತರು ಇಲ್ಲಿ ನೆಲೆಸಿದರು, ಅವರ ಹಿಂದೆಯೇ ದೇವಸ್ಥಾನ, ಹೋಟೆಲು. ಕನ್ನಡಿಗರ ಮೈಸೂರು ಅಸೋಸಿಯೇಷನ್ 1926ರದ್ದು. ಹೋಟೆಲುಗಳಲ್ಲಿ ರಾಮ ಆಶ್ರಯ 1939, ಕೆಫೆ ಮದ್ರಾಸ್ 1940. ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಇಂದಿಗೂ ಬಾಳೆಎಲೆ ಊಟ.

ಮಾಟುಂಗದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಹಿರಿಯರು ನನ್ನ ಮಾತು ಕೇಳಿದವರೇ, ‘ಹ್ವಾಯ್, ನಿಮ್ಗ್ ಯಾವೂರಾಯ್ತ್?’ ಎಂದರು. ಊರು ಹೇಳಿದೆ, ನಡೆದು ಬಂದದ್ದನ್ನೂ ಹೇಳಿದೆ. ಫೋರ್ಟಿನಿಂದ ಅಲ್ಲಿಗೆ ಹತ್ತು-ಹನ್ನೊಂದು ಕಿಲೋಮೀಟರ್ ಆದೀತು. ‘ನಮ್ ಕಾಲ್ದಾಗೆ ನಡ್ಕಂಡೇ ಹೋಪ್ದ್ ಮರಾಯ್ರೆ, ಟ್ರಾಮಿನ್ ದುಡ್ಡ್ ಉಳದ್ರೆ ಊರಿಗ್ ಕಳ್ಸುಕೆ ಆತಿತ್’ ಎಂದರು ಅವರು. ಹಳೇ ಸಂಘಗಳ ಸ್ಮರಣ ಸಂಚಿಕೆ ನೋಡಿ ಎಂದು ದಾರಿ ತೋರಿಸಿದವರೂ ಅವರೇ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳಿಗೆ ಮುಂಬೈಯ ಕನ್ನಡ, ತುಳು ಸಂಘಗಳು ತಂದ ಸಂಚಿಕೆಗಳ ಹಿಂದಿನ ಪುಟಗಳಲ್ಲಿ ದಾನಿಗಳ ಪಟ್ಟಿ ಇರುತ್ತದೆ. ಸಾಮಾನ್ಯರ ಹೆಸರು ಅಚ್ಚಾದದ್ದು ಅಲ್ಲಿ ಮಾತ್ರ.

ಅಜ್ಜನ ಹೆಸರೂ ಅಂಥದೊಂದು ಪಟ್ಟಿಯಲ್ಲಿದೆ. ರಾತ್ರಿ ಶಾಲೆಯ ನಿಧಿಗೆ, ರೂ. 11. ಅದೇ ವರ್ಷದ, ಬಾಂಬೆ-19ರ ಒಂದು ಕೂಪನ್‌ನಲ್ಲಿ, ‘ಈ ಸಲ ಕಡಿಮೆ ಕಳಿಸಿದ್ದೇನೆ, ಯಾಕೆಂದು ಬಂದಾಗ ಹೇಳುತ್ತೇನೆ’ ಎಂದು ತಾಯಿಗೆ ಬರೆದಿದ್ದಾನೆ. ಎರಡಕ್ಕೂ ಸಂಬಂಧವಿದೆ ಎಂದು ಹೇಳಲು ನನ್ನಲ್ಲಿ ಬೇರೆ ಪುರಾವೆಯಿಲ್ಲ. ಇದೆ ಎಂದೇ ನನ್ನ ನಂಬಿಕೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕಾಗದಗಳಿದ್ದರೆ ಅಂಕಿ ನೋಡಿ. 4 ಎಂದರೆ ಗಿರ್‌ಗಾಂವ್, 14 ದಾದರ್, 16 ಮಾಹಿಮ್, 31 ವಡಾಲ. ಕೇರಾಫ್ ಹೆಸರನ್ನು ಬಿಡದೆ ಬರೆದುಕೊಳ್ಳಿ. ಹೋಟೆಲಿನ ಬೋರ್ಡ್ ಬದಲಾಗಿದ್ದರೂ ಅಕ್ಕಪಕ್ಕದ ಹೂವಿನವರಿಗೆ, ಕಾಫಿಪುಡಿ ಅಂಗಡಿಯವರಿಗೆ ಹಳೇ ಹೆಸರು ಗೊತ್ತಿರುತ್ತದೆ. ಹಳೇ ಕಟ್ಟಡಗಳನ್ನು ಕೆಡವಿ ಕಟ್ಟುವ ಕೆಲಸ ಎಲ್ಲೆಡೆ ನಡೆದಿದೆ, ಹಾಗಾಗಿ ತಡಮಾಡಬೇಡಿ. ಡಿಸೆಂಬರ್, ಜನವರಿಯ ಬೆಳಗು ನಡೆಯಲು ಹಿತ. ಭಾನುವಾರ ಫೋರ್ಟಿನ ಬೀದಿಗಳು ಖಾಲಿಯಿರುತ್ತವೆ, ಆದರೆ ಕೇಳಿದರೆ ಉತ್ತರ ಹೇಳುವವರು ಸಿಗುವುದು ವಾರದ ದಿನಗಳಲ್ಲೇ.