ನೆಲಗಡಲೆಗೂ ಸೆಕೆ: ತಳಿಗೂ ಹಿಂಡಿಗೂ ಇರುವ ನಂಟು



ಮಾರ್ಚ್ ಬಂತೆಂದರೆ ಕಾಪು, ಕಾರ್ಕಳ ಕಡೆಯ ಹಟ್ಟಿಗಳಿಂದ ಕರೆಗಳು ಹೆಚ್ಚುತ್ತವೆ. "ಡಾಕ್ಟ್ರೇ, ದನ ಬಾಯಿ ತೆರೆದು ಏದುಸಿರು ಬಿಡ್ತಾ ಉಂಟು, ಹಾಲು ಇಳಿದಿದೆ." ಇದು ಸೆಕೆಯ ಒತ್ತಡ ಎಂದು ನಮಗೆಲ್ಲ ಗೊತ್ತು. ಆದರೆ ನಾವು ಹಾಕುವ ಹಿಂಡಿಯ ಮೂಲವಾದ ನೆಲಗಡಲೆ ಗಿಡಕ್ಕೂ ಇದೇ ಸಂಕಟ ಇದೆ.

ಹೂವಿನಲ್ಲೇ ಪೆಟ್ಟು

ಬಿತ್ತಿದ 25-30 ದಿನಕ್ಕೆ ನೆಲಗಡಲೆ ಹೂ ಬಿಡುತ್ತದೆ. ಆಗ ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಗಿಡ ಹಸಿರಾಗಿಯೇ ಕಾಣುತ್ತದೆ, ಹೂವೂ ಇರುತ್ತದೆ. ಆದರೆ ಹೂವಿನಿಂದ ಸೂಜಿಯಂತೆ ಮಣ್ಣಿಗಿಳಿಯುವ ತೊಟ್ಟುಗಳು ಕಡಿಮೆಯಾಗಿ ಕಾಯಿ ನಿಲ್ಲುವುದಿಲ್ಲ. ಭತ್ತದ ಕೊಯ್ಲಿನ ನಂತರ ತಡವಾಗಿ ಬಿತ್ತಿದ ಗದ್ದೆಗಳಲ್ಲಿ ಈ ನಷ್ಟ ಹೆಚ್ಚು.

ಸೆಕೆ ತಾಳುವ ತಳಿ ಹೇಗೆ ಸಿಗುತ್ತದೆ?

ಹೋರಿಯ ಗುಣವನ್ನು ಅದರ ಮೈಕಟ್ಟಿನಿಂದಲ್ಲ, ಹೆಣ್ಣುಕರುಗಳು ದೊಡ್ಡದಾಗಿ ಕೊಡುವ ಹಾಲಿನಿಂದ ಅಳೆಯುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ. ವಿಜ್ಞಾನಿಗಳು ಬೇಕೆಂದೇ ತಡವಾಗಿ ಬಿತ್ತಿ, ಹೂವಿನ ಕಾಲಕ್ಕೆ ಸರಿಯಾಗಿ ಬಿಸಿಲು ಸಿಗುವಂತೆ ಮಾಡುತ್ತಾರೆ. ಆ ಬಿಸಿಲಲ್ಲೂ ಕಾಯಿ ಕಟ್ಟಿದ ಗಿಡಗಳನ್ನು ಆರಿಸಿ, ಹೆಚ್ಚು ಇಳುವರಿಯ ತಳಿಯೊಡನೆ ಸಂಕರ ಮಾಡುತ್ತಾರೆ. ನೆಲಗಡಲೆಯಲ್ಲಿ ಹೂ ಅರಳುವ ಮೊದಲೇ ಸ್ವಪರಾಗಸ್ಪರ್ಶ ಮುಗಿದಿರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಮೊಗ್ಗಿನ ಗಂಡುಭಾಗ ತೆಗೆದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಸವರಬೇಕು. ಮುಂದೆ ಹಲವು ಪೀಳಿಗೆಗಳ ಆಯ್ಕೆ. 2019ರಲ್ಲಿ ಬೆಳೆಸುವ ನೆಲಗಡಲೆಯ ಪೂರ್ಣ ಜೀನ್ ನಕ್ಷೆ ಪ್ರಕಟವಾದದ್ದು ಈ ಕೆಲಸಕ್ಕೆ ನೆರವಾಗಿದೆ.

ಇನ್ನೊಂದು ದಾರಿ, ಬರ ಮತ್ತು ಸೆಕೆ ಬಲಿಯುವ ಮೊದಲೇ ಬೆಳೆ ಮುಗಿಸುವುದು. ಹೈದರಾಬಾದ್ ಬಳಿಯ ಇಕ್ರಿಸಾಟ್ ಸಂಸ್ಥೆಯ ಐಸಿಜಿವಿ 91114 ತಳಿ 90-95 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಬರವನ್ನೂ ತಡೆಯುತ್ತದೆ. ಹಳೆಯ ಟಿಎಂವಿ 2 ತಳಿಯನ್ನೇ ನಂಬಿದ್ದ ಅನಂತಪುರದಲ್ಲಿ ಇದು ಹರಡಿತು. ಇದರ ಬಳ್ಳಿ ತಿಂದ ಹಸುಗಳ ಹಾಲೂ ಹೆಚ್ಚಿದ್ದು ನಮಗೆ ಮುಖ್ಯ ಸಂಗತಿ.

ಹಾಲಿಗೆ ಬರುವ ವಿಷ

ನೆಲಗಡಲೆ ಹಿಂಡಿಯಲ್ಲಿ ಶೇ. 40ಕ್ಕೂ ಹೆಚ್ಚು ಪ್ರೋಟೀನ್ ಇದೆ, ತೆಂಗಿನ ಹಿಂಡಿಯಲ್ಲಿ ಅದರ ಅರ್ಧದಷ್ಟು. ಆದರೆ ಕೊಯ್ಲಿಗೆ ಮುಂಚಿನ ವಾರಗಳಲ್ಲಿ ಬರ ಮತ್ತು ಮಣ್ಣಿನ ಸೆಕೆ ಸೇರಿದರೆ ಕಾಯಿಗೆ ಆಸ್ಪರ್ಜಿಲಸ್ ಶಿಲೀಂಧ್ರ ಹತ್ತಿ ಅಫ್ಲಾಟಾಕ್ಸಿನ್ ವಿಷ ಹುಟ್ಟುತ್ತದೆ. ಅಂಥ ಹಿಂಡಿ ತಿಂದ ದನದ ಹಾಲಿನಲ್ಲಿ ಒಂದು ದಿನದೊಳಗೆ ಅಫ್ಲಾಟಾಕ್ಸಿನ್ ಎಂ1 ಕಾಣಿಸುತ್ತದೆ. ಕುದಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಇದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ ಮಾತ್ರ. ಆ ಹಾಲು ಮೊದಲು ಕುಡಿಯುವುದು ನಮ್ಮ ಮನೆಯ ಮಕ್ಕಳೇ.

ಈ ವಿಷವನ್ನು ಪೂರ್ತಿ ತಡೆಯುವ ತಳಿ ಇನ್ನೂ ನಮ್ಮ ಕೈಗೆ ಬಂದಿಲ್ಲ. ತಳಿ ಅರ್ಧ ಕೆಲಸ ಮಾಡಿದರೆ ಉಳಿದರ್ಧ ನಮ್ಮದು.

ನಾವು ಮಾಡಬೇಕಾದ್ದು

• ಭತ್ತದ ಕೊಯ್ಲಾದ ಕೂಡಲೇ ಬಿತ್ತಿ. ತಳಿಯ ಆಯ್ಕೆಗೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಸಲಹೆ ಪಡೆಯಿರಿ.
• ಹೂ ಬಿಡುವಾಗ ಮತ್ತು ಕಾಯಿ ಬಲಿಯುವಾಗ ನೀರು ತಪ್ಪಿಸಬೇಡಿ.
• ಕಾಯಿಯನ್ನು ಅಲುಗಿಸಿದಾಗ ಬೀಜ ಸದ್ದಾಗುವಷ್ಟು ಒಣಗಿಸಿ. ಬೀಜದ ತೇವಾಂಶ ಶೇ. 8 ಮೀರಬಾರದು.
• ಬಳ್ಳಿಯನ್ನು ಬೂಸ್ಟು ಬಾರದಂತೆ ಒಣಗಿಸಿ, ಬೈಹುಲ್ಲಿನೊಡನೆ ಬೆರೆಸಿ ಕೊಡಿ.
• ಹಿಂಡಿಯ ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಮಳೆಗಾಲಕ್ಕೆಂದು ತಿಂಗಳುಗಟ್ಟಲೆ ಕೂಡಿಡಬೇಡಿ.
• ಬೂಸ್ಟು ಹಿಡಿದ ಹಿಂಡಿಯನ್ನು "ಬಿಸಿಲಿಗೆ ಹಾಕಿದರೆ ಸರಿಯಾಗ್ತದೆ" ಎಂದು ಕೊಡಬೇಡಿ. ಬೂಸ್ಟು ಒಣಗುತ್ತದೆ, ವಿಷ ಉಳಿಯುತ್ತದೆ.

ತಪ್ಪಿ ಕೊಟ್ಟಿದ್ದರೆ ಕೂಡಲೇ ನಿಲ್ಲಿಸಿ, ನಿಮ್ಮ ಸಂಘದ ಮೂಲಕ ಪಶುವೈದ್ಯರಿಗೆ ತಿಳಿಸಿ. ಕೆಟ್ಟ ಹಿಂಡಿ ನಿಲ್ಲಿಸಿದ ಮೂರು-ನಾಲ್ಕು ದಿನಗಳಲ್ಲಿ ಹಾಲಿನಲ್ಲಿ ಆ ವಿಷ ಬಹಳ ಮಟ್ಟಿಗೆ ಇಳಿಯುತ್ತದೆ. ಒಂದು ಚೀಲ ಹಿಂಡಿ ಎಸೆಯುವ ನಷ್ಟ, ಡಬ್ಬಿ ಹಾಲು ಕೆಡಿಸುವ ನಷ್ಟಕ್ಕಿಂತ ಚಿಕ್ಕದು.