ಥಿಯೇಟರಿನಲ್ಲಿ ಅತ್ತವರೇ, ಎರಡನೇ ಭಾನುವಾರ ಬನ್ನಿ!

2022ರ ಜೂನ್ 10. '777 ಚಾರ್ಲಿ' ಬಿಡುಗಡೆಯಾದ ದಿನ. ಕ್ಲೈಮ್ಯಾಕ್ಸ್ ಮುಗಿದು ಲೈಟು ಹತ್ತಿಕೊಂಡಾಗ ನನ್ನ ಪಕ್ಕದ ಸೀಟಿನ ಕಟ್ಟುಮಸ್ತಾದ ಹುಡುಗ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡಿದ್ದ. ನಾನೇನು ಕಮ್ಮಿಯೇ? ಕಣ್ಣಿಗೆ ಧೂಳು ಬಿತ್ತು ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡು ಹೊರಗೆ ಬಂದೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಆ ಚಿತ್ರ ನೋಡಿ ಅತ್ತದ್ದು ಪತ್ರಿಕೆಗಳಲ್ಲಿ ಬಂತು. ಇನ್ನು ಗಾಂಧಿ ಕ್ಲಾಸಿನ ನಮ್ಮ ನಿಮ್ಮಂಥವರ ಪಾಡೇನು?

ಸರಿ, ಅತ್ತೆವು. ಆಮೇಲೆ?.... ಅತ್ತವರೆಲ್ಲ ಎಲ್ಲಿಗೆ ಹೋದರು?

ನನ್ನ ರೂಮ್‌ಮೇಟು ಸೀದಾ ನಾಯಿಮರಿ ಮಾರುವ ಅಂಗಡಿಗೆ ಹೋಗಿ "ಚಾರ್ಲಿ ಥರದ್ದು ಒಂದು ಎಷ್ಟು?" ಅಂತ ಕೇಳಿ ಬಂದ! ತಮಾಷೆ ನೋಡಿ. ಕಿರಣ್‌ರಾಜ್ ನಿರ್ದೇಶಿಸಿದ ಆ ಚಿತ್ರದಲ್ಲಿ ಚಾರ್ಲಿ ತಪ್ಪಿಸಿಕೊಂಡು ಓಡಿ ಬರೋದೇ, ದುಡ್ಡಿಗಾಗಿ ನಾಯಿಗಳನ್ನು ಕೂಡಿಹಾಕಿ ಮರಿ ಹಾಕಿಸುವವನ ಕೈಯಿಂದ. ರಾಷ್ಟ್ರಪ್ರಶಸ್ತಿ ಬಂದ ಚಿತ್ರ ಹೇಳಿದ್ದೊಂದು, ನಮ್ಮ ಹುಡುಗ ಕೇಳಿಸಿಕೊಂಡದ್ದೊಂದು.

ನಾನು ಹೋಗಿದ್ದು, ಅದೂ ಎರಡು ವರ್ಷ ತಡವಾಗಿ, ಬೆಂಗಳೂರಿನ ಅಂಚಿನ ಒಂದು ನಾಯಿಗಳ ಆಶ್ರಯಧಾಮಕ್ಕೆ. ದೊಡ್ಡ ದಯಾಗುಣವೇನೂ ಅಲ್ಲ ಸ್ವಾಮಿ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದವನು ನಾನು. ಒಂದು ಲೇಖನ ಅಚ್ಚಾದರೆ ಎರಡು ವಾರದ ಮೆಸ್ ಬಿಲ್ಲು. ಒಂದು ಭಾನುವಾರ ಹೋಗಿ, ನಾಲ್ಕು ಫೋಟೋ ತೆಗೆದು ಬಂದುಬಿಡೋಣ ಅಂತ ಲೆಕ್ಕ.

ಅಲ್ಲಿನ ಯಜಮಾನಿಯನ್ನು ಎಲ್ಲರೂ 'ಅಕ್ಕ' ಅಂತಲೇ ಕರೆಯೋದು. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಮೊದಲನೇ ಭಾನುವಾರ ಬರೋರು ಬೇಕಾದಷ್ಟು ಜನ ಇದಾರೆ. ಎರಡನೇ ಭಾನುವಾರ ಬಾ. ಆಗ ನಿನ್ನ ಹೆಸರು ಬರ್ಕೋತೀನಿ."

ಹೀರೋ ಅಲ್ಲ, ಲೈಟ್‌ಬಾಯ್!

ನಾಯಿಯನ್ನು ಹೀರೋ ಮಾಡೋದು ನಮ್ಮ ತೆರೆಗೆ ಹಳೇ ವಿದ್ಯೆ. 1985ರ ಹಿಂದಿ ಚಿತ್ರ 'ತೇರಿ ಮೆಹರ್ಬಾನಿಯಾಂ'ದಲ್ಲಿ ಜಾಕಿ ಶ್ರಾಫ್ ಸತ್ತಮೇಲೆ ನಾಯಿಯೇ ಸೇಡು ತೀರಿಸುತ್ತೆ. ಅಂದಹಾಗೆ, ಅದು 1984ರ ನಮ್ಮ ಕನ್ನಡದ 'ತಾಳಿಯ ಭಾಗ್ಯ'ದ ರೀಮೇಕು! ತೆರೆಯ ಮೇಲೆ ನಾಯಿ ಮನುಷ್ಯನನ್ನು ಕಾಪಾಡುತ್ತೆ. ಆಶ್ರಯಧಾಮದಲ್ಲಿ ಅದು ತಿರುಗುಮುರುಗು. ಅದಕ್ಕೆ ಹಿನ್ನೆಲೆ ಸಂಗೀತವೂ ಇಲ್ಲ, ಶಿಳ್ಳೆಯೂ ಇಲ್ಲ.

ಬೆಳಿಗ್ಗೆ ಏಳಕ್ಕೆ ಗೂಡುಗಳನ್ನು ತೊಳೆಯಬೇಕು. ಅನ್ನ, ಕುಂಬಳಕಾಯಿ, ಕೋಳಿ ಹಾಕಿ ಬೇಯಿಸಬೇಕು. ಈರುಳ್ಳಿ ಮಾತ್ರ ಹಾಕಬಾರದು, ಅದು ನಾಯಿಗೆ ವಿಷ. ಕಿವಿಯ ಸಂದಿಯ ಉಣ್ಣೆ ಕೀಳಬೇಕು. ಪಾರ್ವೊ ಎಂಬ ವಾಂತಿಭೇದಿಯ ರೋಗ ಬಂದ ಮರಿಗಳ ಕೋಣೆಗೆ ಹೋದವನು ಚಪ್ಪಲಿ, ಬಟ್ಟೆ ಬದಲಿಸದೆ ಬೇರೆ ಮರಿಗಳ ಹತ್ತಿರ ಸುಳಿಯುವಂತಿಲ್ಲ. ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಹೊಸಬನಿಗೆ ಮೊದಲು ರೇಬೀಸ್ ಲಸಿಕೆ, ಆಮೇಲೆ ಕೆಲಸ. ಹೆದರಿದ ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಮಗ್ಗುಲಾಗಿ ಕೂತು, ಅದೇ ಬಂದು ಮೂಸುವ ತನಕ ಕಾಯಬೇಕು. ಒಂದೊಂದು ನಾಯಿ ಬರೋಕೆ ನಾಲ್ಕು ಭಾನುವಾರ ತಗೊಂಡಿತು!

ಬೆಂಗಳೂರಿಗೆ ಈ ಕೆಲಸ ಹೊಸದಲ್ಲ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಇಲ್ಲಿ 'ಕ್ಯೂಪಾ' ಸಂಸ್ಥೆಯನ್ನು ಶುರುಮಾಡಿದ್ದು 1991ರಲ್ಲಿ. ಆಗ ಆಕೆಗೆ ವಯಸ್ಸು ಎಂಬತ್ತು ದಾಟಿತ್ತು. ನಾವು ಇಪ್ಪತ್ತೆಂಟಕ್ಕೇ "ಟೈಮಿಲ್ಲ ಗುರು" ಅಂತೀವಿ.

ಬೆಲ್ಲ ಬಂದಳು

ನನ್ನ ಆರನೇ ಭಾನುವಾರ ಒಂದು ಲ್ಯಾಬ್ರಡಾರ್ ಹೆಣ್ಣು ಬಂತು. ಬೆಲ್ಲದ ಬಣ್ಣ, ಅದಕ್ಕೇ ಬೆಲ್ಲ ಅಂತ ಹೆಸರಿಟ್ಟೆವು. ಯಾರೋ ರಸ್ತೆ ಪಕ್ಕ ಬಿಟ್ಟು ಹೋಗಿದ್ದರು. ಮೊಲೆಗಳು ಜೋತುಬಿದ್ದಿದ್ದವು, ಹಲ್ಲು ಸವೆದಿದ್ದವು. ಡಾಕ್ಟರು ಕೈಗವಸು ಕಳಚುತ್ತಾ ಹೇಳಿದರು: "ಮರಿ ಹಾಕಿಸಿ ಹಾಕಿಸಿ, ಇನ್ನು ಆಗಲ್ಲ ಅಂತಾದ ಮೇಲೆ ಬಿಟ್ಟಿದಾರೆ."

ನಾಯಿ ಗಬ್ಬವಾಗಿರೋದು ಬರೀ ಎರಡು ತಿಂಗಳು. ಬೆದೆಗೆ ಬಂದಾಗಲೆಲ್ಲ ಕೂಡಿಸಿದರೆ ವರ್ಷಕ್ಕೆ ಎರಡು ಸಲ ಮರಿ. 2017ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ವರ್ಷಕ್ಕೆ ಒಂದೇ ಸಲ ಹಾಕಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಕಾಗದದ ಮೇಲೆ ನಿಯಮ ಇದೆ. ರಸ್ತೆ ಪಕ್ಕ ಬೆಲ್ಲ ಇದೆ.

ಬೆಲ್ಲನ ಫೋಟೋ ಹಾಕಿದ ಕೂಡಲೇ ಫೋನುಗಳು ಶುರುವಾದವು. ಚಾರ್ಲಿಯ ಜಾತಿ ತಾನೇ! ಬಂದವರ ಮನೆ ನೋಡಿ ವರದಿ ಕೊಡುವ ಕೆಲಸವನ್ನು ಅಕ್ಕ ನನಗೆ ವಹಿಸಿದರು. ನಾನು ಕಾಲರ್ ಎತ್ತಿಕೊಂಡು ಹೊರಟೆ.

ನಾನು ಪಾಸ್ ಮಾಡಿದ ಮನೆ

ಮೊದಲು ಹೋಗಿದ್ದು ಒಂದೂವರೆ ರೂಮಿನ ಬಾಡಿಗೆ ಮನೆಗೆ. ತಾಯಿ ಬಟ್ಟೆ ಹೊಲಿಯುತ್ತಾರೆ, ಮಗ ಆಟೋ ಓಡಿಸುತ್ತಾನೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವುದಕ್ಕೆ ಹೆದರುತ್ತಪ್ಪಾ?" ನಾನು ಮನೆಯ ಅಗಲ ನೋಡಿ, ಓನರ್ ಒಪ್ಪಿಗೆ ಪತ್ರ ಇಲ್ಲ ಅಂತ ಬರೆದು 'ಬೇಡ' ಅಂದೆ.

ಎರಡನೆಯದು ಎರಡಂತಸ್ತಿನ ಸ್ವಂತ ಮನೆ. ನಮ್ಮದೇ ವಯಸ್ಸಿನ ಹುಡುಗ. ಗೋಡೆ ಮೇಲೆ ಸಿನಿಮಾ ಪೋಸ್ಟರುಗಳು. ಕಾಫಿ ಬಂತು, ಕೋಡುಬಳೆ ಬಂತು. ಒಂದು ಗಂಟೆ ಕೂತು ಇಬ್ಬರೂ ರಕ್ಷಿತ್ ಶೆಟ್ಟಿ ಚಿತ್ರಗಳ ಬಗ್ಗೆ ಹರಟಿದೆವು. "ಬೆಲ್ಲ ಶೇಕ್ ಹ್ಯಾಂಡ್ ಕೊಡುತ್ತಾ ಗುರು?" ಅಂತ ಕೇಳಿದ. ಹಗಲು ಮನೆಯಲ್ಲಿ ಯಾರಿರ್ತಾರೆ ಅಂತ ನಾನು ಕೇಳಲಿಲ್ಲ. ತಾರಸಿ ಹತ್ತಿ ನೋಡಲಿಲ್ಲ. 'ಓಕೆ' ಅಂತ ಬರೆದೆ.

ಮೂರು ವಾರ ಕಳೆಯಿತು. ವಿಚಾರಿಸಲು ಫೋನ್ ಮಾಡಿದರೆ ಎತ್ತಲಿಲ್ಲ. ಹೋಗಿ ನಿಂತೆ.

ಬೆಲ್ಲ ತಾರಸಿಯ ಮೇಲಿತ್ತು. ಮಧ್ಯಾಹ್ನದ ಬಿಸಿಲು. ನೀರಿನ ಟ್ಯಾಂಕಿನ ಕಾಲಿಗೆ ಸರಪಳಿ. ನೀರಿನ ಬಟ್ಟಲು ಬೋರಲು ಬಿದ್ದಿತ್ತು. ಹುಡುಗ ಕೆಟ್ಟವನಲ್ಲ ಸ್ವಾಮಿ, ಮುಖ ಸಣ್ಣದು ಮಾಡಿಕೊಂಡು ಹೇಳಿದ: "ಸಿನಿಮಾದಲ್ಲಿ ಇರೋ ಥರ ಇದು ಏನೂ ಮಾಡಲ್ಲ ಗುರು. ಸುಮ್ನೆ ಕೂತಿರುತ್ತೆ." ತೆರೆಯ ಚಾರ್ಲಿಯ ಹಿಂದೆ ತರಬೇತುದಾರ ಪ್ರಮೋದ್ ಅವರ ವರ್ಷಗಳ ದುಡಿಮೆ ಇತ್ತು ಅಂತ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಪಾಸ್ ಮಾಡಿದವನು ನಾನೇ ಅಲ್ಲವೇ?

ಸರಪಳಿ ಬಿಚ್ಚಿದೆ. ಬೆಲ್ಲ ಎದ್ದು ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟಿತು. ಸರಪಳಿ ಎಷ್ಟುದ್ದ ಇತ್ತೋ ಅಷ್ಟೇ! ಎಷ್ಟು ಕರೆದರೂ ಅಲ್ಲಿಂದ ಮುಂದೆ ಬರಲಿಲ್ಲ. ಎತ್ತಿಕೊಂಡೇ ಮೆಟ್ಟಿಲಿಳಿದೆ. ಥಿಯೇಟರಿನಲ್ಲಿ ಅತ್ತದ್ದೆಲ್ಲ ಒಂದು ಅಳುವೇ ಅಂತ ಅವತ್ತು ಗೊತ್ತಾಯಿತು.

ರೀಟೇಕ್

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀನು ಬೇಡ ಅಂದ್ಯಲ್ಲ, ಆ ಹೊಲಿಗೆಯಮ್ಮನ ಮನೆಗೆ ಹೋಗು. ನೀನೇ ಹೋಗಿ ಕೇಳು" ಅಂದರು.

ಹೋದೆ. ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದೆ. ಆಯಮ್ಮ ಮಿಷನ್ನು ನಿಲ್ಲಿಸಿ, "ಪಾಪ, ಬಿಸಿಲಿಗೆ ಹೆದರುತ್ತೆ ಅನ್ನು" ಅಂದರು. ಅಷ್ಟೇ! ಓನರ್ ಹತ್ತಿರ ಮಗ ಒಪ್ಪಿಗೆ ಪತ್ರ ಬರೆಸಿಕೊಂಡು ಬಂದ. ಈ ಸಲ ನಾನು ನಲ್ಲಿ, ಬಾಗಿಲ ಚಿಲಕ, ಹಿತ್ತಲು, ಪಕ್ಕದ ಮನೆಯವರು... ಎಲ್ಲ ನೋಡಿದೆ.

ಇಂಥ ನಾಯಿಗಳಿಗೆ ಅನುಭವಸ್ಥರು ಒಂದು ಲೆಕ್ಕ ಹೇಳ್ತಾರೆ: ಹೆದರಿಕೆ ಇಳಿಯೋಕೆ ಮೂರು ದಿನ, ಮನೆಯ ರೀತಿ ಕಲಿಯೋಕೆ ಮೂರು ವಾರ, ಇದು ನನ್ನ ಮನೆ ಅನ್ನೋಕೆ ಮೂರು ತಿಂಗಳು. ಮೊದಲ ಮೂರು ದಿನ ಬೆಲ್ಲ ಹೊಲಿಗೆ ಮಿಷನ್ನಿನ ಕೆಳಗಿಂದ ಏಳಲೇ ಇಲ್ಲ. ಆಯಮ್ಮ ಅಲ್ಲಿಗೇ ತಟ್ಟೆ ಸರಿಸಿದರು.

ಮೂರು ತಿಂಗಳಾದ ಮೇಲೆ ಹೋದೆ. ಬೆಲ್ಲ ತಲೆ ಎತ್ತಿ ನನ್ನನ್ನು ನೋಡಿತು, ಬಾಲ ಎರಡು ಸಲ ಆಡಿಸಿತು. ಆಮೇಲೆ ಆಯಮ್ಮನ ಪಾದದ ಮೇಲೆ ಗಲ್ಲ ಇಟ್ಟು ಮಲಗಿಬಿಟ್ಟಿತು! ನನ್ನ ಹಿಂದೆ ಬರಲೇ ಇಲ್ಲ. ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಬಸ್ ಸ್ಟ್ಯಾಂಡಿನ ಗೆಳೆಯರಿಗೆ

ಈ ಪತ್ರಿಕೆ ಕೊಂಡು ಬಸ್ಸಿಗೆ ಕಾಯುತ್ತಿರುವ ಮಿತ್ರರೇ, ಸ್ವಲ್ಪ ನಿಮ್ಮ ವಿಷಯಕ್ಕೆ ಬರ್ತೀನಿ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ರೈಲ್ವೆ ಸ್ಟೇಷನ್, ಬಸ್ ನಿಲ್ದಾಣ ಇಂಥ ಕಡೆಯ ಬೀದಿನಾಯಿಗಳನ್ನು ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ ಆಶ್ರಯಧಾಮಕ್ಕೆ ಸೇರಿಸಬೇಕು, ಅದೇ ಜಾಗಕ್ಕೆ ಮತ್ತೆ ಬಿಡಬಾರದು ಅಂತ ಆದೇಶ ಮಾಡಿತು. ನಾಯಿ ಕಚ್ಚಿಸಿಕೊಂಡ ಮಗುವಿನ ತಾಯಿಯ ಸಂಕಟ ಸಣ್ಣದಲ್ಲ. ಕಚ್ಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬಾರದು.

ಆದರೆ ಹಿಡಿದ ನಾಯಿಯನ್ನು ಇಟ್ಟರೆ ಮುಗಿಯಲಿಲ್ಲ. ಅದರ ಗೂಡು ತೊಳೆಯೋರು ಯಾರು? ಅದಕ್ಕೆ ಒಂದು ಮನೆ ಹುಡುಕಿ, ಆ ಮನೆಯ ತಾರಸಿ ಹತ್ತಿ ನೋಡೋರು ಯಾರು? ಅದಕ್ಕೆ ಡಿಗ್ರಿ ಬೇಡ. ನನ್ನ ಹತ್ತಿರವೂ ಇಲ್ಲ. ಬೇಕಾದ್ದು ವಾರಕ್ಕೆ ಒಂದು ಬೆಳಿಗ್ಗೆ, ಹಳೇ ಪ್ಯಾಂಟು, ಸ್ವಲ್ಪ ತಾಳ್ಮೆ.

ಮೊದಲನೇ ಭಾನುವಾರ ಮೊಬೈಲ್ ಹಿಡಿದು ಬನ್ನಿ, ಪರವಾಗಿಲ್ಲ. ನಾನೂ ಹಾಗೇ ಹೋಗಿದ್ದು. ಎರಡನೇ ಭಾನುವಾರ ಮಾತ್ರ ಬರೋದು ಮರೀಬೇಡಿ. ಪೊರಕೆ ಎಲ್ಲಿದೆ ಅಂತ ನಾನು ತೋರಿಸ್ತೀನಿ!